ಮಗುಚಿದ ತಾರ್ಲೆ

ಅಂಗಳ ಗುಡಿಸಿ ಸ್ನಾನ ಮುಗಿಸಿದ ಮೇಲೆಯೇ ನನಗೆ ಚಹಾ. ಕುಮಟೆಗೆ ಬಂದು ನೆಲೆಸಿದ ಮೇಲೂ ಈ ಕ್ರಮ ತಪ್ಪಿಸಿದವಳಲ್ಲ. ಆದರೆ ಪಕ್ಕದ ಮನೆಯಿಂದ ಒಣ ತಾರ್ಲೆ ಮೀನು ಸುಡುವ ವಾಸನೆ ಬಂದರೆ ಪೊರಕೆ ಕೈಯಲ್ಲೇ ಉಳಿಯುತ್ತದೆ. ನಿಮಗೂ ಅಂಥದೊಂದು ವಾಸನೆ ಇದ್ದೀತು. ನನ್ನದು ಹುಟ್ಟೂರು ಕಾಸರಕೋಡಿನ ಮರಳಿನದು, ಅಮ್ಮನ ಸೆರಗಿನದು.

ಅಪ್ಪ ದೋಣಿ ಕೆಲಸಕ್ಕೆಂದು ರತ್ನಾಗಿರಿಗೆ ಹೋದವರು ಅಲ್ಲೇ ಬೇರೆ ಸಂಸಾರ ಹೂಡಿದರು. ಆ ಸುದ್ದಿ ಬಂದ ಮೇಲೆ ಅಮ್ಮ ಯಾರನ್ನೂ ನಂಬಲಿಲ್ಲ. ಉಳಿದ ಹೆಂಗಸರು ಕಡಲ ದಂಡೆಯಲ್ಲಿ ಒತ್ತೊತ್ತಾಗಿ ಚಾಪೆ ಹಾಸಿ ಮೀನು ಒಣಗಿಸುತ್ತಿದ್ದರೆ, ಅವಳು ತನ್ನ ಚಾಪೆಯನ್ನು ದೂರಕ್ಕೆ ಎಳೆದುಕೊಂಡಳು. ಅವರು ನಕ್ಕರೆ ತನ್ನನ್ನು ನೋಡಿ ನಕ್ಕರೆಂದೂ, ಸುಮ್ಮನಾದರೆ ಅದುವರೆಗೆ ತನ್ನ ಮಾತೇ ಆಡುತ್ತಿದ್ದರೆಂದೂ ತಿಳಿದಳು. ಕಾಗೆ ಓಡಿಸುವುದು, ಮೀನು ಮಗುಚುವುದು ಎಲ್ಲ ಒಬ್ಬಳದೇ ಆಯಿತು. ಊಟ ತಪ್ಪಿತು, ನಿದ್ದೆ ತಪ್ಪಿತು. ಮಧ್ಯಾಹ್ನ ಕಣ್ಣಿಗೆ ಕತ್ತಲೆ ಬಂದು ಗಾಳಿಮರದ ನೆರಳಿನಲ್ಲಿ ಬಿದ್ದುಕೊಳ್ಳುತ್ತಿದ್ದಳು. ಎದ್ದು ಬಂದು ನೋಡಿದರೆ ಮೀನನ್ನು ಯಾರೋ ಮಗುಚಿರುತ್ತಿದ್ದರು.

"ಒಳ್ಳೆ ಮೀನು ಆರ್ಸಿ ಕದಿಯೂಕೇ ಬಂದದ್ದು. ನೀ ಕಾದು ಕೂತ್ಕೊ," ಎಂದಳು ಅಮ್ಮ ನನಗೆ.

ದೋಣಿಯ ಮರೆಯಲ್ಲಿ ಕೂತೆ. ಅಮ್ಮ ಮಲಗಿದ್ದೇ ತಡ, ನೆರೆಮನೆಯ ನಾಗಕ್ಕ ಬಂದಳು. ಒಂದು ಮೀನನ್ನೂ ಸೆರಗಿಗೆ ಹಾಕಲಿಲ್ಲ, ಸಾಲಾಗಿ ಮಗುಚಿದಳು. ಆಮೇಲೆ ಮರದಡಿಗೆ ಹೋಗಿ, ಉಸಿರಿದೆಯೋ ಎಂದು ಅಮ್ಮನ ಮೂಗಿಗೆ ಬೆರಳು ಹಿಡಿದಳು. ಅಮ್ಮ ಥಟ್ಟನೆ ಆ ಕೈ ಹಿಡಿದಳು.

"ಎಂತಕ್ಕೆ ಬಂದೆ?"

"ನಿನ್ನ ಮೀನಿಗೆ ಹುಳ ಬಿದ್ರೆ ನಾತ ಹೊಡೆಯೂದು ನಮ್ಮ ಮೂಗಿಗೇ ಅಲ್ದನೇ?" ನಾಗಕ್ಕ ಕೈ ಬಿಡಿಸಿಕೊಳ್ಳಲಿಲ್ಲ. "ನೀ ಸತ್ರೂ ಅಷ್ಟೇ. ಏಳು, ಗಂಜಿ ತಂದೆ."

ಅಮ್ಮ ಗಂಜಿಯನ್ನು ಮೊದಲು ಮೂಸಿ ನೋಡಿದಳು. ಆಮೇಲೆ ಉಂಡಳು. ಮರುದಿನ ಅವಳ ಚಾಪೆ ಒಂದಿಷ್ಟು ಈಚೆ ಬಂತು. ಮಳೆಗಾಲ ಹತ್ತಿರವಾಗುವ ಹೊತ್ತಿಗೆ ನಾಗಕ್ಕನ ಚಾಪೆಗೆ ತಾಗಿತು. ಒಬ್ಬಳು ಉಣ್ಣುವಾಗ ಇನ್ನೊಬ್ಬಳು ಕಾಗೆ ಓಡಿಸುತ್ತಿದ್ದಳು. ತಲೆಸುತ್ತು ಯಾವಾಗ ನಿಂತಿತೋ ತಿಳಿಯಲಿಲ್ಲ. ಸಂಶಯ ಮಾತ್ರ ಪೂರ್ತಿ ಹೋಗಲಿಲ್ಲ. ಸಂಜೆ ಮೀನು ತುಂಬುವಾಗ ನಾಗಕ್ಕನ ಬುಟ್ಟಿಯ ಮೇಲೆ ಅಮ್ಮನದೊಂದು ಕಣ್ಣು ಇದ್ದೇ ಇರುತ್ತಿತ್ತು.

ಈಗ ಇಬ್ಬರೂ ಇಲ್ಲ. ಪಕ್ಕದ ಮನೆಯ ಹುಡುಗಿ, ಮಗುವನ್ನು ಒಬ್ಬಳೇ ಸಾಕುವವಳು, ನನ್ನ ಬಾಗಿಲು ತೆರೆಯುವುದು ತಡವಾದರೆ ಬೇಲಿಯಾಚೆಯಿಂದ ಕರೆಯುತ್ತಾಳೆ. "ಎಂತಕ್ಕೆ?" ಎಂದೇ ಕೇಳುತ್ತೇನೆ. ಅವಳು ಸುಟ್ಟ ತಾರ್ಲೆಯ ತಟ್ಟೆಯನ್ನು ಕಟ್ಟೆಯ ಮೇಲಿಟ್ಟು ಹೋಗುತ್ತಾಳೆ. ಅವಳು ಒಳಗೆ ಹೋಗುವವರೆಗೆ ಕಾದು, ಮೂಸಿ ನೋಡಿ, ಎತ್ತಿಕೊಳ್ಳುತ್ತೇನೆ.