ಅಪ್ಪ ತಂದ ಪುಸ್ತಕ, ಏಳು ಮನೆಯ ಊಟ

ಆ ದಿನಗಳಲ್ಲಿ ಜೋಗೇಶ್ವರಿಯ ನಮ್ಮ ಚಾಳಿನಲ್ಲಿ ಹಗಲು ಹೊತ್ತು ಬಾಗಿಲು ಹಾಕಿಕೊಂಡವರೆಂದರೆ ಒಂದೋ ಕಾಯಿಲೆ ಬಿದ್ದವರು, ಇಲ್ಲವೇ ಜಗಳವಾಡಿದವರು. ಮಿಕ್ಕವರ ಸಂಸಾರವೆಲ್ಲ ಮನೆಗಳ ಮುಂದಿನ ಉದ್ದನೆಯ ಗ್ಯಾಲರಿಯಲ್ಲೇ. ಎಪ್ಪತ್ತರ ದಶಕದ ಮೊದಲ ವರ್ಷಗಳವು. ಕಾರ್ಖಾನೆಯಲ್ಲಿ ಫಿಟರ್ ಆಗಿದ್ದ ಅಪ್ಪ ಶನಿವಾರ ಕನ್ನಡ ಸಂಘದ ಗ್ರಂಥಾಲಯದಿಂದ ನನಗೊಂದು ಪುಸ್ತಕ ತರುತ್ತಿದ್ದ. ಕಥೆಯಲ್ಲ, ಕಾದಂಬರಿಯಲ್ಲ, ಬರೀ ಆತ್ಮಕಥೆ.

"ಓದವಾ, ಹೆಂಗ ಕಷ್ಟಪಟ್ಟು ಮ್ಯಾಲ ಬಂದಾರ ನೋಡು" ಎನ್ನುವನು. ನನಗೋ ಆ ದೊಡ್ಡವರ ಕಷ್ಟವೆಂದರೆ ಆಕಳಿಕೆ.

ಕೇಳುವವರಿಗೆ ಮಾತ್ರ ಬರವಿರಲಿಲ್ಲ. ರಜೆಯ ಮಧ್ಯಾಹ್ನ ಗ್ಯಾಲರಿಯಲ್ಲಿ ಅಕ್ಕಿ ಹಸನು ಮಾಡುತ್ತ ಕೂತ ಹೆಂಗಸರಿಗೆ ನಾನು ಗಟ್ಟಿಯಾಗಿ ಓದಬೇಕು. ಪಕ್ಕದ ಮನೆಯ ಕಾಶವ್ವನದು ಪುಟಕ್ಕೊಂದು ತಕರಾರು. ಆ ಮಳೆಗಾಲದ ಪುಸ್ತಕದಲ್ಲಿ ಒಬ್ಬ ಬಡವರ ಮಗ ವಾರಾನ್ನ ಉಂಡು, ಅಂದರೆ ದಿನಕ್ಕೊಂದು ಮನೆಯಂತೆ ಏಳು ಮನೆಯಲ್ಲಿ ಉಂಡು, ಓದಿ ವಕೀಲನಾಗಿದ್ದ.

"ಉಣ್ಣಾಕ ಹಾಕಿದವರ ಹೆಸರ ಏನಂತ?" ಎಂದಳು ಕಾಶವ್ವ.

ಹುಡುಕಿದೆ. ಒಂದು ಹೆಸರೂ ಇರಲಿಲ್ಲ.

"ಶಾಣ್ಯಾ ಅದಾನ ಬಿಡು! ತನ್ನ ಹೆಸರ ಮಾತ್ರ ಮರತಿಲ್ಲ."

ಅದೇ ವಾರ ಬಿಜಾಪುರದಲ್ಲಿ ಅಜ್ಜಿ ಬಿದ್ದು ಸೊಂಟ ಮುರಿದುಕೊಂಡಳು. ಅವ್ವ ತಮ್ಮನನ್ನು ಕರೆದುಕೊಂಡು ಊರಿಗೆ ಹೋದಳು, ಯಾವಾಗ ಬರುವಳೋ ತಿಳಿಯದು. ನನ್ನದು ಮೆಟ್ರಿಕ್ ವರ್ಷ. ಅಪ್ಪ ಗ್ಯಾಲರಿಯಲ್ಲಿ ನಿಂತು, ನನ್ನ ಮುಖ ನೋಡದೆ ಹೇಳಿದ: "ಈ ವರ್ಷ ಸಾಲಿ ಬಿಡವಾ. ಅಡಗಿ ಯಾರ ಮಾಡಬೇಕು?"

ನಾನು ಅಳುವುದನ್ನು ಕಂಡು ಕಾಶವ್ವ ಮೊರ ಕೆಳಗಿಟ್ಟು ಎದ್ದು ಬಂದಳು.

"ಅಣ್ಣಾ, ಸಾಲಿ ಬಿಡಸಬ್ಯಾಡ್ರಿ. ಸೋಮವಾರ ಇಬ್ಬರೂ ನಮ್ಮನ್ಯಾಗ ಉಣ್ರಿ. ಮಂಗಳವಾರ ಮಾಲತಿಬಾಯಿ ಮನ್ಯಾಗ. ಹಿಂಗ ವಾರಕ್ಕ ಏಳ ಮನಿ."

ಅಲ್ಲೇ ಕೂತಿದ್ದ ರತ್ನಾಗಿರಿಯ ಮಾಲತಿಬಾಯಿಗೆ, ನಾನು ಮಾವಶಿ ಎನ್ನುತ್ತಿದ್ದವಳಿಗೆ, ಕೂಡಲೇ ತಿಳಿಯಿತು. "ಆಮ್ಚ್ಯಾಕಡೇ ಪಣ್ ವಾರ ಲಾವತಾತ!" ಎಂದು, ತಮ್ಮ ಕಡೆಯೂ ಹೀಗೆ ವಾರ ಹಚ್ಚುವುದುಂಟೆಂದು ತಲೆಯಾಡಿಸಿದಳು.

ಅಪ್ಪನ ಮುಖ ಕೆಂಪೇರಿತು. "ಮಂದಿ ಮನ್ಯಾಗ ಉಣ್ಣಾಕ ನಾವೇನ ಗತಿಗೆಟ್ಟವರೇನು?"

"ಮತ್ತ ಆ ವಕೀಲ? ಆ ಪುಸ್ತಕ ತಂದವರು ನೀವ ಅಲ್ಲೇನ್ರಿ?"

ಹೆಂಗಸರು ಸೆರಗು ಅಡ್ಡ ಹಿಡಿದು ನಕ್ಕರು. ಕೊನೆಗೆ ಅಪ್ಪನೂ ನಕ್ಕುಬಿಟ್ಟ.

ಸೋಮವಾರ ಕಾಶವ್ವನ ಜೋಳದ ರೊಟ್ಟಿ, ಪುಂಡಿಪಲ್ಯ. ಮಂಗಳವಾರ ಮಾವಶಿಯ ಬಿಸಿ ಅನ್ನ, ಹುರುಳಿ ಹಿಟ್ಟಿನ ಪಿಠ್ಲ. ಉಂಡ ಮನೆಯಲ್ಲಿ ನಾನು ಪುಸ್ತಕ ಓದುತ್ತಿದ್ದೆ, ಅಪ್ಪ ಅವರ ಸ್ಟೋವ್ ರಿಪೇರಿ ಮಾಡುತ್ತಿದ್ದ. ಅಷ್ಟು ಸುಖವಾಗಿ ನಾನು ಮತ್ತೆಂದೂ ಓದಲಿಲ್ಲ. ದೀಪಾವಳಿಗೆ ಮರಳಿದ ಅವ್ವ ನನ್ನ ಕೆನ್ನೆ ಹಿಂಡಿ, "ನಾ ಇಲ್ಲದಾಗ ದಪ್ಪ ಆಗೀಯಲ್ಲ!" ಎಂದಳು.

ಮೆಟ್ರಿಕ್ ಪಾಸಾದೆ, ಟೀಚರಾದೆ, ನಿವೃತ್ತಿಯೂ ಆಯಿತು. ಚಾಳು ಈಗಿಲ್ಲ, ಕಾಶವ್ವನೂ ಇಲ್ಲ. ಮಲಾಡಿನ ನಮ್ಮ ಬಿಲ್ಡಿಂಗಿನಲ್ಲಿ ಹಗಲೂ ಬಾಗಿಲು ಮುಚ್ಚಿರುತ್ತದೆ, ಎದುರು ಮನೆಯವರ ಹೆಸರು ನನಗೆ ಗೊತ್ತಿಲ್ಲ. ಕಪಾಟಿನ ತುಂಬ ಆತ್ಮಕಥೆಗಳಿವೆ, ಗಟ್ಟಿಯಾಗಿ ಓದಿದರೆ ಕೇಳುವವರಿಲ್ಲ.

ಮೊನ್ನೆ ಮೊಮ್ಮಗಳು, "ಅಜ್ಜೀ, ತುಮ್ ಭೀ ಅಪ್ನಾ ಬುಕ್ ಲಿಖೋ ನಾ" ಎಂದು ಗಂಟುಬಿದ್ದಳು. ನನ್ನದೂ ಒಂದು ಆತ್ಮಕಥೆ ಬರೆಯಲು ಕೂತೆ. "ನಾನು" ಎಂದು ಶುರುಮಾಡಿ ನಿಲ್ಲಿಸಿದೆ. ಇದ್ದಿದ್ದರೆ ಕಾಶವ್ವ ತಕರಾರು ತೆಗೆಯುತ್ತಿದ್ದಳು. ಅದನ್ನು ಹೊಡೆದುಹಾಕಿ ಬರೆದೆ: ಸೋಮವಾರ, ಕಾಶವ್ವನ ಮನೆ.