ಜೋಡಿಯ ಕೊನೆಯ ಆಲ್ಬಮ್

ನರಸೀಪುರದ ಒಬ್ಬ ಆರ್ಕೆಸ್ಟ್ರಾ ಗಾಯಕ, ತನ್ನ ಗಾಯನ ಜೋಡಿಯ ವಿದಾಯದ ಆಲ್ಬಮ್ ಮಾಡಿಸಲು ನಾನು ಕೆಲಸಕ್ಕಿದ್ದ ನಂಜನಗೂಡಿನ ಸ್ಟುಡಿಯೊಗೆ ನಾಲ್ಕು ಸೋಮವಾರ ಬಂದ. ಕೂತಲ್ಲೆಲ್ಲ ಮೊಬೈಲಿನ ಕಪ್ಪು ಪರದೆ ನೋಡಿಕೊಂಡು ಕ್ರಾಪು ತೀಡುತ್ತಿದ್ದ. "ನಾನಿದ್ರೇನೇ ಜೋಡಿ ಕಣಪ್ಪ" ಎನ್ನುವುದು ಅವನ ಮಾತು. ಹಾಗೆಂದಾಗಲೆಲ್ಲ ಡೈರಿಯಲ್ಲಿ ಒಂದು ಗೀಟು ಹಾಕಿದ್ದೇನೆ; ಒಟ್ಟು ಇಪ್ಪತ್ತಾರು.

ನಾಲ್ಕನೆಯ ಸೋಮವಾರ ಅವನ ಜೊತೆ ಹಾಡುವ ಗಾಯಕಿಯೂ ಬಂದರು. ಅವರು ಹಾಡುವುದನ್ನೇ ಬಿಡುತ್ತಿದ್ದರು. "ಮಗಳಿಗೆ ಕೇಳ್ಸೋಕೆ ನನ್ ದನಿ ಇದೊಂದ್ರಲ್ಲೇ ಉಳ್ಯೋದು ತಮ್ಮಾ" ಎಂದರು.

"ಇವಳ್ದು ಇಳ್ಸಪ್ಪ, ನಂದು ಎದ್ದು ಕೇಳ್ಲಿ" ಎಂದ ಗಾಯಕ.

ಆಲ್ಬಮ್ಮಿನ ಒಂಬತ್ತೂ ಹಾಡು ವೇದಿಕೆಯಲ್ಲಿ ಹಾಡಿದ್ದವು; ಅಲ್ಲಿ ಇಬ್ಬರ ಮೈಕೂ ಬೇರೆಬೇರೆಯಾಗಿ ರೆಕಾರ್ಡ್ ಆಗಿತ್ತು. ಆಕೆಯ ಮೈಕಿನ ದನಿಯನ್ನು ಪೂರ್ತಿ ಮುಚ್ಚಿ ಒಂಬತ್ತೂ ಹಾಡು ಕೇಳಿಸಿದೆ. ಏಳು ಹಾಡಿನಲ್ಲಿ "ಚಪ್ಪಾಳೆ ಒಡೀರಿ!" ಎಂಬ ಅವನ ಕೂಗಷ್ಟೇ ಇತ್ತು. ಉಳಿದೆರಡರಲ್ಲಿ ಪಲ್ಲವಿಯ ಕೊನೆಯ ಪದವಷ್ಟೇ ಇತ್ತು.

"ಅಣ್ಣ ಚಪ್ಪಾಳೆನ ಚೆನ್ನಾಗಿ ಕೇಳ್ತಾರೆ" ಎಂದರು ಆಕೆ.

"ಸೂಪರ್! ಇಂಗೇ ಇರ್ಲಿ" ಎಂದು ಅವನು ಆ ಪ್ರತಿಯನ್ನೇ ತುಂಬಿಸಿಕೊಂಡ ಪೆನ್‌ಡ್ರೈವನ್ನು ಜೇಬಿಗಿಳಿಸಿ ಹೊರಟ.

ಆಮೇಲೆ ಆಕೆಗೆಂದು ಇನ್ನೊಂದು ಪ್ರತಿ ಮಾಡಿದೆ. ಅದರಲ್ಲಿ ಅವನ ಮೈಕಿನ ದನಿಯನ್ನು ಮುಚ್ಚಿದೆ. ಆಕೆಯೂ ನಾನೂ ಕೂತು ಒಂಬತ್ತೂ ಹಾಡು ಕೇಳಿದೆವು. ಎಲ್ಲಿಯೂ ಏನೂ ಕಡಿಮೆಯಾಗಿರಲಿಲ್ಲ.