ಸಿಹಿ ಬೂದಿ

ಯಶವಂತಪುರದ ನಮ್ಮ ವಠಾರದ ಮನೆಯಲ್ಲಿ ಏನನ್ನಾದರೂ ಬಿಸಾಡಬೇಕಾದರೆ ಅಮ್ಮನ ಕಣ್ಣು ತಪ್ಪಿಸಿ ಬಿಸಾಡಬೇಕಿತ್ತು. ಅಕ್ಕಿ ತೊಳೆದ ನೀರು ಹಿಂದಿನ ಬೀದಿಯ ಎಮ್ಮೆಗೆ ಹೋಗುತ್ತಿತ್ತು, ತರಕಾರಿ ಸಿಪ್ಪೆ ಹಿತ್ತಲಿನ ಗುಂಡಿಗೆ. ಹರಿದ ಸೀರೆ ಮೊದಲು ನಮಗೆ ಲಂಗವಾಗಿ, ಆಮೇಲೆ ದಿಂಬಿನ ಚೀಲವಾಗಿ, ಕೊನೆಗೆ ಅಡುಗೆಮನೆಯ ಮಸಿಬಟ್ಟೆಯಾಗಿ ಪ್ರಾಣ ಬಿಡುತ್ತಿತ್ತು. ಬಚ್ಚಲಿನ ನೀರು ಕಲ್ಲು ಜೋಡಿಸಿದ ಕಾಲುವೆಯಲ್ಲಿ ಹರಿದು ದಂಟಿನ ಸೊಪ್ಪಿನ ಮಡಿಗೆ ಸೇರುತ್ತಿತ್ತು. ಸವೆದ ಸೋಪಿನ ಚೂರುಗಳನ್ನು ಒತ್ತಿ ಒತ್ತಿ ಅಮ್ಮ ಮಾಡುತ್ತಿದ್ದ ಬಣ್ಣಬಣ್ಣದ ಉಂಡೆಯನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ನನ್ನ ಗೆಳತಿಯರ ಮನೆಗಳಲ್ಲಿ ಇಡೀ ಸೋಪು ಇರುತ್ತಿತ್ತು.

ಇದೆಲ್ಲಕ್ಕೂ ಮಿಗಿಲಾದದ್ದು ಬೂದಿ. ಬಚ್ಚಲ ಹಂಡೆಯ ಒಲೆಯಿಂದ ಬೆಳಗ್ಗೆ ತೆಗೆದ ಬೂದಿಯನ್ನು ಅಮ್ಮ ಹಳೆಯ ಜರಡಿಯಲ್ಲಿ ಹಿಡಿದು ಪಾಲು ಮಾಡುತ್ತಿದ್ದಳು. ನಯವಾದದ್ದು ನಮ್ಮ ಹಲ್ಲಿಗೆ, ತರಿಯಾದದ್ದು ಪಾತ್ರೆಗೆ, ಇನ್ನಷ್ಟು ಸೊಪ್ಪಿನ ಎಲೆಗಳ ಮೇಲೆ ಹುಳ ಹತ್ತದ ಹಾಗೆ ಉದುರಿಸುವುದಕ್ಕೆ. ಅದಕ್ಕೂ ಮಿಕ್ಕಿದ್ದು ಹಿತ್ತಲಿನ ಮೂಲೆಯಲ್ಲಿ ಗುಡ್ಡೆಯಾಗುತ್ತಿತ್ತು. ಅಂಗಡಿಯಿಂದ ಹಲ್ಲುಪುಡಿ ತನ್ನಿ ಎಂದು ನಾನು ಗೋಗರೆದರೆ ಅಮ್ಮನ ಉತ್ತರ ಸಿದ್ಧವಾಗಿರುತ್ತಿತ್ತು. "ಬೆಂಕಿಯೊಳಗೆ ಹೋಗಿ ಬಂದಿರೋದು ಕಣೇ ಇದು. ಇದಕ್ಕಿಂತ ಚೊಕ್ಕಟವಾದದ್ದು ಇನ್ಯಾವ್ದಿದೆ ಹೇಳು?"

ಆ ಮಾತನ್ನು ನಾನು ಈಗಲೂ ಮರೆತಿಲ್ಲ. ಅಮ್ಮ ಅದನ್ನು ಎಷ್ಟು ನಂಬಿದ್ದಳೆಂದರೆ, ಬಿದ್ದು ಮೊಣಕಾಲು ತರಚಿಕೊಂಡು ಬಂದರೆ ಗಾಯಕ್ಕೂ ಅದನ್ನೇ ಒತ್ತುತ್ತಿದ್ದಳು.

ಮನೆಯಲ್ಲಿ ನಾವು ನಾಲ್ವರು. ಅಪ್ಪ ಲಾರಿ ಬುಕಿಂಗ್ ಆಫೀಸಿನಲ್ಲಿ ಗುಮಾಸ್ತರು. ನಾನು ಮಿಡ್ಲ್ ಸ್ಕೂಲಿನಲ್ಲಿದ್ದೆ. ನನ್ನ ತಂಗಿ ಇನ್ನೂ ಶಾಲೆಗೆ ಸೇರಿರಲಿಲ್ಲ, ಆದರೆ ಬಾಯಿ ಮಾತ್ರ ಇಡೀ ವಠಾರಕ್ಕೆ ಸಾಕಾಗುವಷ್ಟಿತ್ತು. ಅಪ್ಪನ ಹೆಗಲ ಮೇಲೆ ಕೂತು ಮಾರ್ಕೆಟ್ಟಿಗೆ ಹೊರಟರೆ ಅಂಗಡಿಗಳ ಬೋರ್ಡು ನೋಡಿ ತನಗೆ ಗೊತ್ತಿದ್ದ ಅಕ್ಷರಗಳನ್ನೆಲ್ಲ ಕೂಗಿ ಹೇಳುತ್ತಿದ್ದಳು. ಗುರುತಿನವರು ಎದುರು ಸಿಕ್ಕರೆ ಅಪ್ಪ ಬೇಕೆಂದೇ ನಿಲ್ಲುತ್ತಿದ್ದರು, ಇವಳ ಪ್ರತಾಪ ಅವರ ಕಿವಿಗೂ ಬೀಳಲಿ ಎಂದು. ಇವಳು ಮುಂದೆ ಡಾಕ್ಟರೋ ಲಾಯರೋ ಆಗುತ್ತಾಳೆಂದು ಅಪ್ಪ ಆಗಲೇ ತೀರ್ಮಾನ ಮಾಡಿಬಿಟ್ಟಿದ್ದರು. ನನ್ನ ವಿಷಯದಲ್ಲಿ ಅಂಥ ತೀರ್ಮಾನ ಯಾವುದೂ ಆಗಿರಲಿಲ್ಲ.

ಎಪ್ಪತ್ತರ ದಶಕದ ನಡುವಿನ ವರ್ಷಗಳವು. ಸೀಮೆಎಣ್ಣೆಗೆ ರೇಷನ್ ಅಂಗಡಿಯ ಮುಂದೆ ಡಬ್ಬಗಳ ಸಾಲು ತಿರುವಿನ ತನಕ ಬೆಳೆಯುತ್ತಿತ್ತು. ಸೌದೆ ಕೊಳ್ಳುವುದೆಂದರೆ ಅಮ್ಮನಿಗೆ ಸಂಕಟ. ಅದಕ್ಕೇ ಅವಳು ಸೌದೆ ಬಿಟ್ಟು ಮರದ ಹೊಟ್ಟು ಉರಿಸತೊಡಗಿದ್ದಳು. ಮರ ಕೊಯ್ಯುವ ಸಾಮಿಲ್ಲಿನಿಂದ ಗೋಣಿಚೀಲದಲ್ಲಿ ಹೊಟ್ಟು ತಂದು, ತಗಡಿನ ಒಲೆಯ ನಡುವೆ ಬಾಟಲಿ ನಿಲ್ಲಿಸಿ, ಸುತ್ತಲೂ ಗಟ್ಟಿಯಾಗಿ ತುಂಬಿ, ಬಾಟಲಿಯನ್ನು ಮೆಲ್ಲಗೆ ಎಳೆದರೆ ಹೊಗೆ ಹೋಗಲು ದಾರಿಯಾಗುತ್ತಿತ್ತು. ಒಮ್ಮೆ ಹಚ್ಚಿದರೆ ಅರ್ಧ ದಿನ ಹದವಾಗಿ ಉರಿಯುವ ಒಲೆ ಅದು. ಆದರೆ ಊದುಬತ್ತಿ ಮಾಡುವವರು ಸಾಮಿಲ್ಲಿನ ಹೊಟ್ಟನ್ನು ಒಟ್ಟಿಗೇ ಕೊಂಡುಹೋಗತೊಡಗಿದರು. ನಮ್ಮ ಗೋಣಿಚೀಲ ಖಾಲಿಯಾಗಿ ವಾಪಸ್ಸು ಬರತೊಡಗಿತು.

ಆಗ ಅಪ್ಪ ಒಂದು ಸಂಜೆ ಸೈಕಲ್ಲಿನ ಹಿಂದೆ ಮೂಟೆ ಕಟ್ಟಿಕೊಂಡು ಬಂದರು. ಅವರ ಆಫೀಸಿನ ಪಕ್ಕದಲ್ಲಿ ಹಳೆಯ ಲಾರಿ ಬ್ಯಾಟರಿಗಳನ್ನು ಬಿಚ್ಚಿ ರಿಪೇರಿ ಮಾಡುವ ಶೆಡ್ಡೊಂದಿತ್ತು. ಬ್ಯಾಟರಿಯೊಳಗೆ ಸೀಸದ ತಟ್ಟೆಗಳು ಒಂದಕ್ಕೊಂದು ತಾಗದಂತೆ ನಡುನಡುವೆ ತೆಳುವಾದ ಮರದ ಹಲಗೆಗಳನ್ನು ಇಟ್ಟಿರುತ್ತಿದ್ದರು. ಹಳೆಯವನ್ನು ತೆಗೆದು ಶೆಡ್ಡಿನ ಹಿಂದೆ ರಾಶಿ ಹಾಕುತ್ತಿದ್ದರಂತೆ. "ಸುಮ್ನೆ ಬಿದ್ದು ಹಾಳಾಗ್ತಿತ್ತು ಕಣೇ. ತಗೊಂಡೋಗಿ ಸಾರ್ ಅಂದ್ರು," ಎಂದರು ಅಪ್ಪ. ಹಾಳಾಗುತ್ತಿತ್ತು ಎಂಬ ಮಾತು ಕೇಳಿದರೆ ಅಮ್ಮನಿಗೆ ಬೇರೇನೂ ಬೇಕಾಗಿರಲಿಲ್ಲ.

ಹಲಗೆಗಳು ಕಪ್ಪಗಿದ್ದವು, ಹುಳಿ ವಾಸನೆ ಹೊಡೆಯುತ್ತಿದ್ದವು, ಬೂದುಬಣ್ಣದ ಹುಡಿ ಮೆತ್ತಿಕೊಂಡಿತ್ತು. ಅಮ್ಮ ಅವನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹಾಕಿ ತೆಂಗಿನ ಗುಂಜಿನಿಂದ ತಿಕ್ಕಿ ತಿಕ್ಕಿ ತೊಳೆದಳು. ತೊಳೆದ ನೀರು ಎಂದಿನಂತೆ ಸೊಪ್ಪಿನ ಮಡಿಗೆ ಹೋಯಿತು. ಬಿಸಿಲಿಗೆ ಒಣಗಿದ ಮೇಲೆ ಹಲಗೆಗಳು ಭಗ್ಗನೆ ಹತ್ತಿಕೊಂಡವು. ಹಂಡೆಯ ನೀರು ಕೈ ಇಡಲಾಗದಷ್ಟು ಕಾಯಿತು. ಅಪ್ಪ ಅಂದು ಎರಡು ಚೊಂಬು ಹೆಚ್ಚಿಗೆ ಹುಯ್ದುಕೊಂಡು ಹಾಡುತ್ತಾ ಬಚ್ಚಲಿಂದ ಬಂದರು.

ಆಮೇಲೆ ವಾರವಾರವೂ ಮೂಟೆ ಬಂತು. ಒಲೆಯ ಬೂದಿ ಬದಲಾಗಿದ್ದು ನಮ್ಮೆಲ್ಲರಿಗೂ ಕಂಡಿತ್ತು. ಮೊದಲಿನ ಬೂದಿ ಬೆಳ್ಳಗೆ, ಹಗುರವಾಗಿ, ಊದಿದರೆ ಹಾರುತ್ತಿತ್ತು. ಇದು ತುಸು ಹಳದಿ, ಅಂಗೈಯಲ್ಲಿ ಹಿಡಿದರೆ ಭಾರ. ಪಾತ್ರೆಗಳು ಮಾತ್ರ ಥಳಥಳ ಹೊಳೆಯತೊಡಗಿದವು. ವಠಾರದ ಹೆಂಗಸರು ಅಮ್ಮನ ತಂಬಿಗೆಯಲ್ಲಿ ಮುಖ ನೋಡಿಕೊಂಡು ತಮಾಷೆ ಮಾಡಿದರು. ಅಮ್ಮ ಅಂದೆಲ್ಲ ನೆಲದ ಮೇಲೆ ನಡೆಯಲಿಲ್ಲ.

ಒಂದು ಬೆಳಗ್ಗೆ ಬಚ್ಚಲ ಹತ್ತಿರ ಕೂತು ಹಲ್ಲುಜ್ಜುತ್ತಿದ್ದ ತಂಗಿ ಬೆರಳನ್ನು ಬಾಯಲ್ಲೇ ಇಟ್ಟುಕೊಂಡು ಹೇಳಿದಳು: "ಅಮ್ಮಾ, ಬೂದಿ ಸಿಹಿ ಇದೆ."

"ಹೌದೇನೇ? ಬೆಲ್ಲ ಹಾಕಿ ಸುಟ್ಟಿದೀನಿ ಬಿಡು," ಎಂದು ಅಮ್ಮ ನಕ್ಕಳು.

ಮಕ್ಕಳು ಮಣ್ಣು, ಬಳಪ, ಗೋಡೆಯ ಸುಣ್ಣ ತಿನ್ನುವುದು ಆಗ ಯಾವ ಮನೆಯಲ್ಲೂ ದೊಡ್ಡ ಸುದ್ದಿಯಲ್ಲ. ತಂಗಿ ಹಲ್ಲುಜ್ಜಿದ ಮೇಲೂ ಬೂದಿಯ ಡಬ್ಬಕ್ಕೆ ಬೆರಳದ್ದಿ ನೆಕ್ಕತೊಡಗಿದಳು. ಕಂಡಾಗ ಅಮ್ಮ ಕೈಮೇಲೆ ಒಂದು ಏಟು ಹಾಕುತ್ತಿದ್ದಳು. ಕಾಣದಾಗ ಎಷ್ಟು ತಿಂದಳೋ ಯಾರಿಗೆ ಗೊತ್ತು.

ಮೊದಲು ಕಾಯಿಲೆ ಬಿದ್ದಿದ್ದು ಕೋಳಿಗಳು. ಪಕ್ಕದ ಮನೆಯಲ್ಲಿ ದಖ್ಖನಿ ಉರ್ದು ಮಾತಾಡುವ ಸಂಸಾರವಿತ್ತು. ಆ ಮನೆಯ ಯಜಮಾನಿಯನ್ನು ವಠಾರದ ಮಕ್ಕಳೆಲ್ಲ ಖಾಲಾ ಎನ್ನುತ್ತಿದ್ದೆವು. ಮೈಯ ಹೇನು ಹೋಗಲೆಂದು ಅವರ ಕೋಳಿಗಳು ನಮ್ಮ ಬೂದಿಗುಡ್ಡೆಯಲ್ಲೇ ಹೊರಳಾಡುತ್ತಿದ್ದವು. ಒಂದು ದಿನ ಖಾಲಾ ಒಂದು ಹೇಂಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು ನಮ್ಮ ಬಾಗಿಲಲ್ಲಿ ನಿಂತರು. ಅದರ ಕತ್ತು ಜೋತುಬಿದ್ದಿತ್ತು, ಕಣ್ಣು ಮಾತ್ರ ತೆರೆದಿತ್ತು.

"ನೋಡಿ ಅಕ್ಕ, ಕತ್ತು ಎತ್ತಾಕ್ಕೇ ಆಗ್ತಿಲ್ಲ ಇದಕ್ಕೆ. ನಿಮ್ ಬೂದೀಲಿ ಹೊರಳಾಡಿದ್ವಲ್ಲ, ಅವೇ ಹೋಗಿದ್ದು. ಗೂಡಲ್ಲಿ ಕಟ್ಟಾಕಿದ್ದು ಚೆನ್ನಾಗೈತೆ."

ಅಮ್ಮನ ಮುಖ ಕೆಂಪಾಯಿತು. "ಕೋಳಿರೋಗಕ್ಕೆ ನಮ್ಮ ಬೂದಿ ಏನ್ ಮಾಡತ್ತೆ ಖಾಲಾ? ಅದರಲ್ಲೇ ನಮ್ಮ ಮಕ್ಕಳು ಹಲ್ಲುಜ್ಜುತ್ವೆ."

ಖಾಲಾ ನನ್ನ ತಂಗಿಯ ಕಡೆ ಒಮ್ಮೆ ನೋಡಿದರು. "ಬೇಜಾರ್ ಮಾಡ್ಕೋಬೇಡಿ ಅಕ್ಕ, ಕಂಡಿದ್ದು ಹೇಳ್ದೆ," ಎಂದು ಹೋಗಿ ಉಳಿದ ಕೋಳಿಗಳನ್ನೂ ಕಟ್ಟಿಹಾಕಿದರು. ಅಮ್ಮ ಅವರ ಜೊತೆ ಕೆಲವು ದಿನ ಮಾತು ಬಿಟ್ಟಳು.

ತಂಗಿಯ ಮಾತು ಕಮ್ಮಿಯಾಯಿತು. ಹೊಟ್ಟೆನೋವು ಎಂದು ಮಗ್ಗುಲಾಗಿ ಮುದುಡಿ ಮಲಗುತ್ತಿದ್ದಳು. ಓಮದ ಕಷಾಯವಾಯಿತು, ಹರಳೆಣ್ಣೆಯಾಯಿತು. ಕೆನ್ನೆಯ ರಂಗೆಲ್ಲ ಇಳಿದು ಕಿವಿಗಳು ಕಾಗದದಂತೆ ಬಿಳಿಚಿಕೊಂಡವು. ಬೀದಿ ಕೊನೆಯ ಕ್ಲಿನಿಕ್ಕಿನ ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿ, "ರಕ್ತ ಕಮ್ಮಿ ಇದೆ ಕಣಮ್ಮ. ಸೊಪ್ಪು ಚೆನ್ನಾಗಿ ತಿನ್ನಿಸಿ," ಎಂದು ಕೆಂಪು ಟಾನಿಕ್ ಬರೆದುಕೊಟ್ಟರು. ಸೊಪ್ಪಿಗೆ ನಮ್ಮಲ್ಲಿ ಬರವೇ? ಹಲಗೆ ತೊಳೆದ ನೀರು ಕುಡಿದು, ಹಳದಿ ಬೂದಿ ಹೊದ್ದು ಬೆಳೆದ ದಂಟನ್ನು ಅಮ್ಮ ದಿನವೂ ಕಿತ್ತು, ಬೇಯಿಸಿ, ತುಪ್ಪ ಹಾಕಿ ಕಲಸಿ, ಬೇಡ ಬೇಡ ಎಂದು ಬಾಯಿ ಬಿಗಿಹಿಡಿದ ಮಗುವಿಗೆ ತುತ್ತು ತುರುಕಿದಳು. ನಾನು ಅವಳ ಕೈ ಹಿಡಿದುಕೊಂಡು ಕೂರುತ್ತಿದ್ದೆ, ಅಮ್ಮನ ಅಪ್ಪಣೆಯಂತೆ.

ಅದೂ ನಾಟದಿದ್ದಾಗ ಕಣ್ಣುಬಿದ್ದಿದೆ ಎಂದು ಆಯಿತು. ಬೋರ್ಡು ಓದುವ ಮಗು, ಯಾರ ಕಣ್ಣೋ ಏನೋ. ಅಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ಅದೇ ಒಲೆಗೆ ಹಾಕಿದಳು. ಅದೇ ಒಲೆಯ ಬೂದಿಯನ್ನು ಚಿಟಿಕೆ ತೆಗೆದು ಹಣೆಗೆ ಇಟ್ಟಳು, ನಾಲಿಗೆಗೂ ಇಟ್ಟಳು. ತಂಗಿ ಆಗ ಮಾತ್ರ ಬಾಯಿ ಬಿಗಿಹಿಡಿಯಲಿಲ್ಲ.

ನನಗೆ ಆ ದಿನಗಳಲ್ಲಿ ಮನೆಗೆ ಬರುವುದಕ್ಕೇ ಭಯ. ಏನೋ ಕೆಟ್ಟದ್ದು ಒಳಗೆ ಕೂತಿದೆ ಎನ್ನಿಸುತ್ತಿತ್ತು. ಅದು ಎಲ್ಲಿದೆ ಎಂದು ಮಾತ್ರ ಗೊತ್ತಾಗುತ್ತಿರಲಿಲ್ಲ. ಮನೆ ಎಂದಿಗಿಂತ ಹೆಚ್ಚು ಹೊಳೆಯುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ಅಮ್ಮ ಪಾತ್ರೆ ಬೆಳಗುತ್ತಿದ್ದಳು. ತಂಗಿ ಪಕ್ಕದಲ್ಲೇ ಬಟ್ಟೆ ಒಗೆಯುವ ಕಲ್ಲಿಗೆ ಒರಗಿ ಕೂತಿದ್ದಳು. ಇದ್ದಕ್ಕಿದ್ದಂತೆ ಅವಳ ಕಣ್ಣು ಮೇಲಕ್ಕೆ ಸಿಕ್ಕಿಕೊಂಡವು, ಕೈಕಾಲು ಸೆಟೆದವು, ಬಾಯಲ್ಲಿ ನೊರೆ ಬಂತು. ಅಮ್ಮ ಕೂಗಿದ ಕೂಗಿಗೆ ವಠಾರವೆಲ್ಲ ಹೊರಗೆ ಬಂತು. ಮಾತು ಬಿಟ್ಟಿದ್ದು ಮರೆತು ಖಾಲಾ ಬರಿಗಾಲಲ್ಲಿ ರಸ್ತೆಗೆ ಓಡಿ ಆಟೋ ಹಿಡಿದು ತಂದರು. ಅಪ್ಪನ ತೊಡೆಯ ಮೇಲೆ ತಂಗಿ, ಆ ಕಡೆ ಅಮ್ಮ, ಈ ಕಡೆ ಖಾಲಾ, ಡ್ರೈವರ್ ಪಕ್ಕ ಜೋತುಬಿದ್ದು ನಾನು. ಅಮ್ಮನ ಕೈಗೆ ಮೆತ್ತಿದ ಬೂದಿ ಹಾಗೇ ಇತ್ತು.

ಮಕ್ಕಳ ಆಸ್ಪತ್ರೆಯಲ್ಲಿ ಫಿಟ್ಸು ನಿಲ್ಲಿಸಿದ ಮೇಲೆ ಒಬ್ಬ ಲೇಡಿ ಡಾಕ್ಟರು ತಂಗಿಯ ತುಟಿ ಎತ್ತಿ ಟಾರ್ಚ್ ಬಿಟ್ಟು ಬಹಳ ಹೊತ್ತು ನೋಡಿದರು. ಒಸಡಿನ ಅಂಚಿನುದ್ದಕ್ಕೂ ನೀಲಿ ಗೆರೆ ಎಳೆದಂತಿತ್ತು. ರಕ್ತ ತೆಗೆಸಿದರು, ಮೊಣಕಾಲಿನ ಎಕ್ಸರೇ ತೆಗೆಸಿದರು. ಆಮೇಲೆ ಅಮ್ಮನನ್ನು ಕೂರಿಸಿಕೊಂಡು, "ಮನೇಲಿ ಏನ್ ಸುಡ್ತೀರಮ್ಮ?" ಎಂದರು.

ಮೊದಮೊದಲು ಅಮ್ಮ ಬಿಗುಮಾನದಿಂದಲೇ ಹೇಳಿದಳು. ಸೀಮೆಎಣ್ಣೆ ಸಿಗಲ್ಲ, ನಾವು ಯಾವುದನ್ನೂ ಹಾಳು ಮಾಡಲ್ಲ ಡಾಕ್ಟ್ರೇ, ಬ್ಯಾಟರಿ ಹಲಗೆ ತೊಳೆದು ಒಣಗಿಸಿ ಉರಿಸ್ತೀವಿ. ಡಾಕ್ಟರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

"ಬೂದಿ?"

"ಪಾತ್ರೆಗೆ."

"ಇನ್ನೇನಕ್ಕೆ?"

"ಹಲ್ಲುಜ್ಜಕ್ಕೆ. ಸೊಪ್ಪಿಗೆ ಹಾಕ್ತೀನಿ." ಅಮ್ಮನ ದನಿ ಸಣ್ಣದಾಗುತ್ತಾ ಬಂತು. "ತೊಳೆದ ನೀರೂ ಸೊಪ್ಪಿಗೇ. ಆ ಸೊಪ್ಪನ್ನೇ ಇವಳಿಗೆ..." ಎಂದವಳು ತನ್ನ ಕೈ ನೋಡಿಕೊಂಡಳು. ಬ್ಯಾಟರಿಯ ಸೀಸ ಮರಕ್ಕೆ ಹತ್ತಿರುತ್ತದೆ, ಬೆಂಕಿಗೆ ಅದು ಸಾಯುವುದಿಲ್ಲ, ಬೂದಿಯಲ್ಲೇ ಉಳಿಯುತ್ತದೆ, ಅದು ವಿಷ ಎಂದು ಡಾಕ್ಟರು ಬಿಡಿಸಿ ಹೇಳಿದರು. ಚಿಕ್ಕ ಮಕ್ಕಳಿಗಾದರೆ ನೇರ ತಲೆಗೇ ಹೋಗುತ್ತದಂತೆ. ಬೈಯಲಿಲ್ಲ. ಬೈದಿದ್ದರೆ ಅಮ್ಮ ಅಳಬಹುದಿತ್ತು.

ತಂಗಿ ಆಸ್ಪತ್ರೆಯಲ್ಲಿ ಬಹಳ ದಿನ ಇದ್ದಳು. ವಿಷ ಇಳಿಸುವ ಸೂಜಿ ಚುಚ್ಚಿಸಿಕೊಂಡು ಚುಚ್ಚಿಸಿಕೊಂಡು ತೊಡೆಯೆಲ್ಲ ಗಟ್ಟಿಯಾಗಿತ್ತು. ಅಮ್ಮ ಒಮ್ಮೆ ಮನೆಗೆ ಬಂದವಳು ಸೆರಗು ಸಿಕ್ಕಿಸಿ ದಂಟಿನ ಮಡಿಯನ್ನು ಬೇರು ಸಮೇತ ಕಿತ್ತಳು. ಎಳೆಯದು ಬಲಿತದ್ದು ಒಂದೂ ಬಿಡಲಿಲ್ಲ. ಎಮ್ಮೆ ಬಾಯಿ ಹಾಕೀತೆಂದು ಅಪ್ಪ ಆಳುದ್ದ ಗುಂಡಿ ತೋಡಿ ಸೊಪ್ಪು, ಬೂದಿ, ಉಳಿದ ಹಲಗೆ ಎಲ್ಲವನ್ನೂ ಹೂತರು. ಶೆಡ್ಡಿನವರಿಗೂ ಹೇಳಿಬಂದರು. ಅವರು ತಲೆಯಾಡಿಸಿದರಂತೆ. ಆ ರಾಶಿಯಿಂದ ಇನ್ನೂ ಯಾರು ಯಾರು ಮೂಟೆ ಒಯ್ದಿದ್ದರೋ ಅವರಿಗೂ ಗೊತ್ತಿರಲಿಲ್ಲ.

ಈಗ ಗೊಬ್ಬರದ ಗುಂಡಿ, ಬಟ್ಟೆಚೀಲ, ಸೀಗೆಪುಡಿ ಎಂದು ಎಲ್ಲರೂ ಹೊಸದಾಗಿ ಕಲಿಯುತ್ತಿದ್ದಾರೆ. ನನಗೆ ಸಂತೋಷವೇ. ನಾನೂ ಸಿಪ್ಪೆ ಬಿಸಾಡುವವಳಲ್ಲ, ಅಮ್ಮನ ಮಗಳೇ. ಆದರೆ ಬೂದಿಯಲ್ಲಿ ಪಾತ್ರೆ ಬೆಳಗಿ, ಹಿಂದಿನವರು ಎಷ್ಟು ಜಾಣರು ಎಂದು ಯಾರಾದರೂ ಉಪದೇಶಕ್ಕೆ ಕೂತರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಯಾವುದರ ಬೂದಿ ಸ್ವಾಮಿ, ಮೊದಲು ಅದನ್ನು ಹೇಳಿ ಎನ್ನುತ್ತೇನೆ. ಜಗಳಗಂಟಿ ಎಂದುಕೊಂಡು ಸುಮ್ಮನಾಗುತ್ತಾರೆ.

ತಂಗಿ ಬದುಕಿದಳು. ಕೆನ್ನೆಗೆ ರಂಗು ಬಂತು, ಊಟ ಸೇರಿತು, ನಗು ಬಂತು. ಗಂಡಾಂತರ ಕಳೆಯಿತು ಎಂದು ಖಾಲಾ ದರ್ಗಾಕ್ಕೆ ಹೋಗಿ ಸಕ್ಕರೆ ಹಂಚಿ ಬಂದರು. ಶಾಲೆಗೆ ಸೇರಿಸುವ ಕಾಲಕ್ಕೆ ಅಮ್ಮ ಹೊಸ ಸ್ಲೇಟು ತರಿಸಿ, ಬೆಳಗಿನ ಬಿಸಿಲಲ್ಲಿ ಅವಳನ್ನು ಎದುರಿಗೆ ಕೂರಿಸಿಕೊಂಡು, ದೊಡ್ಡದಾಗಿ ಅ ಬರೆದಳು. ಒಂದು ವರ್ಷದ ಹಿಂದೆ ಅಪ್ಪನ ಹೆಗಲ ಮೇಲಿಂದ ಕೂಗುತ್ತಿದ್ದ ಅಕ್ಷರವೇ ಅದು.

"ಇದೇನು ಹೇಳು ಮರಿ?"

ತಂಗಿ ಸ್ಲೇಟು ನೋಡಿದಳು. ಅಮ್ಮನ ಮುಖ ನೋಡಿದಳು. ಅಮ್ಮನಿಗೆ ಏನೋ ಬೇಕಾಗಿದೆ ಎಂದು ಅವಳಿಗೆ ತಿಳಿಯಿತು, ಅದೇನೆಂದು ತಿಳಿಯಲಿಲ್ಲ. ಮತ್ತೊಮ್ಮೆ ಸ್ಲೇಟು ನೋಡಿ, ಅಮ್ಮನನ್ನು ಸಮಾಧಾನ ಮಾಡುವವಳಂತೆ, "ಚೆನ್ನಾಗಿದೆ ಅಮ್ಮಾ," ಎಂದಳು.

ಅಮ್ಮ ಸ್ಲೇಟು ಒರೆಸಿ ಮತ್ತೆ ಅದೇ ಅಕ್ಷರ ಬರೆದಳು.